ಪಹಣಿ ನೋಡಲು ಆ್ಯಪ್ ಏಕೆ ಬೇಕು?

ಪ್ರತಿಯೊಂದು ಸೇವೆಗೂ ಪ್ರತ್ಯೇಕ ಆ್ಯಪ್ ಇದ್ದರೆ ಹಳ್ಳಿಯ ಜನರಿಗೆ ಅನುಕೂಲ ಎಂದು ಲೇಖನವೊಂದರಲ್ಲಿ ಬಂದಿರುವ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು. ಆಳಂದ, ಅಫಜಲಪುರ ಕಡೆಯ ತೊಗರಿ ಬೆಳೆಗಾರರ ಕೈಯಲ್ಲಿ ಕಡಿಮೆ ಸ್ಟೋರೇಜ್‌ನ ಹಳೆಯ ಫೋನುಗಳು ಈಗಲೂ ಇವೆ. ವಾಟ್ಸ್‌ಆ್ಯಪ್‌ನ ವಿಡಿಯೊಗಳೇ ಅವುಗಳನ್ನು ತುಂಬಿಸಿಬಿಟ್ಟಿರುತ್ತವೆ. ಅಪರೂಪಕ್ಕೊಮ್ಮೆ ಪಹಣಿ ನೋಡುವವರು ಬ್ರೌಸರ್‌ನಲ್ಲಿ ಭೂಮಿ ಜಾಲತಾಣವನ್ನು ತೆರೆದು, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರ್ ಆರಿಸಿದರೆ ಸಾಕು.

ಯುಪಿಐ ಮಾತ್ರ ಬೇರೆ ಮಾತು. ಫೋನಿನಲ್ಲಿರುವ ಸಿಮ್‌ನಿಂದಲೇ ಎಸ್‌ಎಂಎಸ್ ಕಳುಹಿಸಿ, ಖಾತೆಯನ್ನು ಆ ಸಾಧನಕ್ಕೆ ಜೋಡಿಸುವ ಕೆಲಸವನ್ನು ಬ್ರೌಸರ್ ತಾನಾಗಿ ಮಾಡಲಾರದು, ಆದ್ದರಿಂದ ಅಲ್ಲಿ ಆ್ಯಪ್ ಬೇಕೇ ಬೇಕು.

ನನ್ನ ಆಕ್ಷೇಪ ಇರುವುದು ಅನಗತ್ಯ ಅನುಮತಿಗಳ ಬಗ್ಗೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಯೊಂದರಲ್ಲಿ ರಿಯಾಯಿತಿಗಾಗಿ ಹಾಕಿಸಿಕೊಂಡ ಆ್ಯಪ್, ಮೊದಲ ಪರದೆಯಲ್ಲೇ ಫೋನಿನ ಸಂಪರ್ಕ ಪಟ್ಟಿಯನ್ನು ಓದಲು ಅನುಮತಿ ಕೇಳಿತು. ಪಂಚೆ ಖರೀದಿಗೂ ನಮ್ಮ ಬೀಗರ ನಂಬರಿಗೂ ಏನು ಸಂಬಂಧವೋ ತಿಳಿಯಲಿಲ್ಲ! ಬ್ರೌಸರ್‌ನಲ್ಲಿ ತೆರೆದ ಪುಟವು ಇಡೀ ಪಟ್ಟಿಯನ್ನು ಹೀಗೆ ಒಮ್ಮೆಲೇ ಎತ್ತಿಕೊಳ್ಳಲಾಗದು. ಸ್ಥಳ ಅಥವಾ ಕ್ಯಾಮೆರಾ ಬೇಕಾದರೂ ಪ್ರತಿ ತಾಣವೂ ಬೇರೆಯಾಗಿಯೇ ಕೇಳಬೇಕು.

2007ರಲ್ಲಿ ಮೊದಲ ಐಫೋನ್ ಬಂದಾಗ ಹೊರಗಿನ ತಂತ್ರಜ್ಞರಿಗೆ ಆ್ಯಪಲ್ ತೋರಿಸಿದ ದಾರಿ ಬ್ರೌಸರ್‌ನಲ್ಲಿ ನಡೆಯುವ ವೆಬ್ ಆ್ಯಪ್‌ಗಳದ್ದೇ ಆಗಿತ್ತು, ಆ್ಯಪ್ ಸ್ಟೋರ್ ತೆರೆದದ್ದು 2008ರಲ್ಲಿ. ಆಗಿನ ವೆಬ್ ದುರ್ಬಲವಾಗಿತ್ತು, ನಿಜ. ಈಗ ಕ್ರೋಮ್‌ನಲ್ಲಿ ತಾಣವೊಂದನ್ನು ಫೋನಿನ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳಬಹುದು, ಸರಿಯಾಗಿ ರೂಪಿಸಿದ ತಾಣವಾದರೆ ನೆಟ್‌ವರ್ಕ್ ಇಲ್ಲದಾಗಲೂ ಅದು ತೆರೆದುಕೊಳ್ಳುತ್ತದೆ.