ಎಂಬಿಎ ಮತ್ತು ಸಾಂಬಾರ್ ಪೊಟ್ಟಣ

ಮುಂಬೈಯಲ್ಲಿ 'ನಾನು ಕನ್ನಡದವನು' ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: 'ಹೋಟೆಲ್ ಎಲ್ಲಿ?' ನಾನು ಆಫೀಸಿನಲ್ಲಿ ಲೆಕ್ಕ ಬರೆಯುವವನು ಅಂತ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಎಲ್ಲೋ ಒಂದು ಹೋಟೆಲ್ ಬಚ್ಚಿಟ್ಟುಕೊಂಡಿದ್ದಾನೆ ಅನ್ನೋ ಹಾಗೆ ನೋಡುತ್ತಾರೆ. ನನ್ನ ಭಾಮೈದ ಅವರ ಅನುಮಾನವನ್ನು ನಿಜ ಮಾಡಿಬಿಟ್ಟ.

ಪುಣೆಯಲ್ಲಿ ಎಂಬಿಎ ಮುಗಿಸಿ ಬಂದವನು ಡೊಂಬಿವಲಿ ಸ್ಟೇಷನ್ ಹತ್ತಿರ ಇಡ್ಲಿ ಅಂಗಡಿ ತೆರೆದ. ತೆರೆದ ಅನ್ನುವುದಕ್ಕಿಂತ, ಅದು ಅವನ ಲ್ಯಾಪ್‌ಟಾಪಿನಲ್ಲಿ ಆಗಲೇ ಭರ್ಜರಿಯಾಗಿ ಓಡುತ್ತಿತ್ತು. ಕಿಲೋ ಉದ್ದಿಗೆ ಎಷ್ಟು ಇಡ್ಲಿ, ಒಬ್ಬ ಗಿರಾಕಿ ಎಷ್ಟು ನಿಮಿಷ ಕೂರುತ್ತಾನೆ, ಠಾಣೆಯಲ್ಲಿ ಎರಡನೇ ಶಾಖೆ ಯಾವಾಗ, ಎಲ್ಲಾ ಬಣ್ಣಬಣ್ಣದ ಕಾಲಮ್ಮುಗಳಲ್ಲಿ ಇತ್ತು. 'ಈ ಉದ್ದು ಹೊಸದೋ ಹಳೇದೋ? ನೀರು ಎಷ್ಟು ಕುಡಿಯುತ್ತೆ?' ಅಂತ ಅಡಿಗೆಯ ಭಟ್ಟರು ಕೇಳಿದರು. ಅದಕ್ಕೆ ಮಾತ್ರ ಕಾಲಮ್ಮು ಇರಲಿಲ್ಲ.

ಭಟ್ಟರು ಮೀಸೆ ಮೂಡುವ ಮುಂಚೆಯೇ ಕುಂದಾಪುರದ ಕಡೆಯಿಂದ ಬಂದವರು. ಮೊದಲು ತಟ್ಟೆ ತೊಳೆದು, ಆಮೇಲೆ ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಒಲೆ ಮುಂದೆ ನಿಂತವರು. ಈ ಊರಿನ ಉಡುಪಿ ಹೋಟೆಲುಗಳಲ್ಲಿ ಬಡ್ತಿ ಸಿಗುವ ಕ್ರಮವೇ ಅದು. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ಎ. ರಾಮ ನಾಯಕರೂ ಅಡಿಗೆಮನೆಯಲ್ಲಿ ದುಡಿದೇ ಗಲ್ಲಾಕ್ಕೆ ಬಂದವರು. ನಮ್ಮ ಭಾಮೈದ ನೇರವಾಗಿ ಗಲ್ಲಾದಲ್ಲೇ ಹುಟ್ಟಿದ.

ಮೊದಲ ದಿನ ಒಂಬತ್ತಕ್ಕೆ ಷಟರ್ ಎತ್ತಿದ. ಡೊಂಬಿವಲಿಯಲ್ಲಿ ಒಂಬತ್ತಕ್ಕೆ! ಅಷ್ಟೊತ್ತಿಗೆ ಅರ್ಧ ಊರು ಫಾಸ್ಟ್ ಲೋಕಲ್ಲಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ದಾದರ್ ದಾಟಿರುತ್ತದೆ. ಉಳಿದವರು ಮನೆಯಲ್ಲಿ ಪೋಹೆ ತಿಂದು ಮುಗಿಸಿರುತ್ತಾರೆ. ಭಟ್ಟರು ಮಾತಾಡಲಿಲ್ಲ. ಮಿಕ್ಕ ಇಡ್ಲಿಯಿಂದ ಮರುದಿನ ಒಗ್ಗರಣೆ ಇಡ್ಲಿ ಮಾಡಿದರು, ಅದು ಚೆನ್ನಾಗಿ ಹೋಯಿತು.

ಆಮೇಲೆ ಬೆಳಿಗ್ಗೆ ಆರಕ್ಕೇ ತೆಗೆಯತೊಡಗಿದರು. ಗಿರಾಕಿಗಳೇನೋ ಬಂದರು, ಆದರೆ ಒಬ್ಬನೂ ಕೂರಲಿಲ್ಲ. ಫ್ಯಾನ್ ಕೆಳಗಿನ ಮೆತ್ತನೆ ಕುರ್ಚಿಗಳ ಮೇಲೆ ನಾನೊಬ್ಬನೇ ರಾಜನ ಹಾಗೆ ಕೂತಿದ್ದೆ. ಎಲ್ಲರದ್ದೂ ಒಂದೇ ಕೂಗು, 'ಅಣ್ಣಾ, ಪಾರ್ಸೆಲ್! ಲವಕರ್, ಬೇಗ!' ಹುಡುಗರು ಸಾಲದೆ ಭಾಮೈದನೇ ಸಾಂಬಾರ್ ಕಟ್ಟಲು ನಿಂತ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸುವ ಮುಂಚಿನ ಮಾತಿದು.

ಸಾಂಬಾರ್ ಪೊಟ್ಟಣ ಕಟ್ಟುವುದನ್ನು ನೀವು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ಚೀಲದ ಬಾಯಿಯನ್ನು ಎಡಗೈಯ ಎರಡು ಬೆರಳಲ್ಲಿ ಅಗಲಿಸಬೇಕು. ಸೌಟು ಓರೆ ಮಾಡಿ ಅರ್ಧಕ್ಕಿಂತ ತುಸು ಮೇಲೆ ತುಂಬಬೇಕು. ಒಳಗೆ ಸ್ವಲ್ಪ ಗಾಳಿ ಉಳಿಸಿಕೊಂಡು ಕತ್ತನ್ನು ಗರ್ರನೆ ತಿರುಚಬೇಕು. ಹಲ್ಲಲ್ಲಿ ಕಚ್ಚಿಕೊಂಡ ರಬ್ಬರ್ ಬ್ಯಾಂಡ್ ಅಷ್ಟರಲ್ಲಿ ಬೆರಳಿಗೆ ಬಂದು ಮೂರು ಸುತ್ತು ಹೊಡೆದಿರಬೇಕು. ಇಷ್ಟೂ ಆಗುವಾಗ ಹುಡುಗ ಇನ್ನೊಬ್ಬನ ಜೊತೆ ಕ್ರಿಕೆಟ್ ಮಾತಾಡುತ್ತಿರಬೇಕು. (ರಬ್ಬರ್ ಬ್ಯಾಂಡ್ ಹಲ್ಲಲ್ಲಿ ಅನ್ನುವುದನ್ನು ಮರೆತುಬಿಡಿ. ತಿನ್ನುವವರಿಗೆ ಎಲ್ಲಾ ತಿಳಿಯಬಾರದು.)

ಭಾಮೈದ ಉದಾರವಾಗಿ ಕಂಠಪೂರ್ತಿ ತುಂಬಿ, ಗಾಳಿ ಚೂರೂ ಇರದ ಹಾಗೆ ಬಿಗಿದು ಕಟ್ಟಿದ. ಲೋಕಲ್ ಟ್ರೇನಿನಲ್ಲಿ ಬ್ಯಾಗು ಎಷ್ಟು ಹಿಂಡಲ್ಪಡುತ್ತದೆ ಅನ್ನುವುದೂ ಕಾಲಮ್ಮಿನಲ್ಲಿ ಇರಲಿಲ್ಲ. ಮರುದಿನ ಒಬ್ಬರು ಬಂದರು. ಬೈಯಲಿಲ್ಲ. ಗಲ್ಲಾದ ಮೇಲೆ ಬ್ಯಾಗು ಇಟ್ಟರು. ಬ್ಯಾಗಿನಿಂದ ಫೈಲು ತೆಗೆದರು. ಫೈಲಿನಿಂದ ನುಗ್ಗೇಕಾಯಿ ತೆಗೆದರು. 'ಇದರ ಮೇಲೆ ನಮ್ಮ ಸಾಹೇಬರ ಸಹಿ ಬೇಕಿತ್ತು' ಅಂದರು. ಭಾಮೈದ ಒಂದು ತಿಂಗಳ ತಿಂಡಿ ಫ್ರೀ ಕೊಟ್ಟ. ಆ ಮನುಷ್ಯ ಒಂದು ದಿನವೂ ತಪ್ಪಿಸಲಿಲ್ಲ.

ಮೇ ತಿಂಗಳು ಬಂತು. 'ಹಿಟ್ಟು ಹುದುಗಲು ಎಂಟು ಗಂಟೆ' ಅಂತ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಹಿಟ್ಟು ಓದಿರಲಿಲ್ಲ. ಮುಂಬೈ ಸೆಖೆಯಲ್ಲಿ ಅದಕ್ಕೆ ಅಷ್ಟು ಹೊತ್ತು ಬೇಕೂ ಇಲ್ಲ. ಭಟ್ಟರು ರಜೆಯಲ್ಲಿದ್ದ ರಾತ್ರಿ ಹಿಟ್ಟು ಪಾತ್ರೆಯಿಂದ ಉಕ್ಕಿ, ನೆಲಕ್ಕಿಳಿದು, ಬೆಳಿಗ್ಗೆ ಷಟರ್ ಕೆಳಗಿಂದ ನಮ್ಮನ್ನು ಸ್ವಾಗತಿಸಿತು. ಭಟ್ಟರಾದರೆ ಬೇಸಿಗೆಯಲ್ಲಿ ತಣ್ಣೀರು ಹಾಕಿ, ತಡವಾಗಿ ರುಬ್ಬುತ್ತಾರೆ. ರುಬ್ಬಿದ ಉದ್ದಿನ ಒಂದು ಚಿಟಿಕೆಯನ್ನು ನೀರಿಗೆ ಬಿಡುತ್ತಾರೆ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ರುಬ್ಬಬೇಕು. 19 ಕಿಲೋ ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ನೋಡಲೂ ಅಷ್ಟೇ, ಪಕ್ಕಕ್ಕೆ ಬಿಸಿನೀರು ಸುರಿದು ಕೈಯಾಡಿಸುತ್ತಾರೆ. ಎಲ್ಲಿಂದ ತಣ್ಣಗೋ ಅಲ್ಲಿವರೆಗೆ ಗ್ಯಾಸು.

ಹಾಗಂತ ಭಟ್ಟರು ಹೇಳಿದ್ದೆಲ್ಲಾ ವೇದವಾಕ್ಯ ಅಂತಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 26 ಜುಲೈ 2005ರಂದು ಅವರು ಕಿಂಗ್ಸ್ ಸರ್ಕಲ್ ಬಳಿ ಕೆಲಸಕ್ಕಿದ್ದರು. ಆ ತಗ್ಗು ಜಾಗದಲ್ಲಿ, ಜೋರು ಮಳೆಗೆ ಸಮುದ್ರದ ಭರತಿಯೂ ಸೇರಿದರೆ ಚರಂಡಿ ನೀರು ಹೋಗಲು ದಾರಿ ಇಲ್ಲದೆ ಅಂಗಡಿಗೇ ಬರುತ್ತದೆ. ಅವತ್ತಿನಿಂದ ಜೂನ್ ಬಂದರೆ ಅಕ್ಕಿ ಮೂಟೆಗಳೆಲ್ಲಾ ಅಟ್ಟಕ್ಕೆ. 'ಇಲ್ಲಿ ನೀರು ಬರಲ್ಲ ಭಟ್ರೇ' ಅಂತ ಭಾಮೈದ ಬೇಡಿಕೊಂಡ. ಕೇಳಲಿಲ್ಲ. ನೀರು ಬರಲಿಲ್ಲ, ಅಟ್ಟದ ಹಲಗೆ ಮುರಿದು ಅಕ್ಕಿ ಕೆಳಗೆ ಬಂತು. ಅವತ್ತು ಇಡೀ ದಿನ ಭಾಮೈದನ ಮುಖದಲ್ಲಿ ಕಳೆ.

ಆದರೂ ಒಂದು ವಿಷಯದಲ್ಲಿ ಅವನು ಭಟ್ಟರಿಗೆ ಶರಣಾದ. ಲಾಭ ಯಾಕೋ ಕೂಡುತ್ತಿರಲಿಲ್ಲ. ಲೆಕ್ಕ ನೋಡಿ ನೋಡಿ ನನಗೂ ತಲೆ ಕೆಟ್ಟಿತ್ತು. ಭಟ್ಟರು ಅವನನ್ನು ಕರೆದು, 'ಒಂದು ವಾರ ತಟ್ಟೆ ತೊಳಿ' ಅಂದರು. ಪ್ಯಾಂಟ್ ಮಡಿಚಿ ಸಿಂಕಿನ ಮುಂದೆ ನಿಂತ. ಮುಂಬೈಯಲ್ಲಿ ಪ್ಲೇಟಿಗೆ ಎರಡು ಇಡ್ಲಿ ವಾಡಿಕೆ. ಇವನು ಜನ ಖುಷಿಯಾಗಲಿ ಅಂತ ಮೂರು ಕೊಡುತ್ತಿದ್ದ. ಮೂರನೆಯದು ಅರ್ಧ ಕಚ್ಚಿಸಿಕೊಂಡು ವಾಪಸ್ ಬರುತ್ತಿತ್ತು, ಜೊತೆಗೆ ಬಟ್ಟಲು ತುಂಬಾ ತೆಂಗಿನಕಾಯಿ ಚಟ್ನಿ. ಲಾಭವೆಲ್ಲಾ ಮೋರಿಗೆ ಹೋಗುತ್ತಿತ್ತು.

'ಮುಂಚೆಯೇ ಯಾಕೆ ಹೇಳಲಿಲ್ಲ?' ಅಂತ ಕೇಳಿದ.

'ಮುಂಚೆ ನಿನ್ನ ಕೈಯಲ್ಲಿ ಲ್ಯಾಪ್‌ಟಾಪ್ ಇತ್ತಲ್ಲ. ಒದ್ದೆಯಾಗೋದು ಬೇಡ ಅಂತ.'

ಅದೇ ಹೊತ್ತಿಗೆ ಊರಿನಿಂದ ನಮ್ಮ ಅತ್ತೆ ಬಂದಿಳಿಯಬೇಕೇ? ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ ಮಗನನ್ನು ನೋಡಿ ಕಣ್ಣೀರು ಹಾಕಿದರು. 'ಲಕ್ಷಗಟ್ಟಲೆ ಫೀಸು ಕಟ್ಟಿದ್ದು ಇದಕ್ಕಾ?'

ಭಟ್ಟರು ಒಳಗಿನಿಂದಲೇ ಸಮಾಧಾನ ಹೇಳಿದರು. 'ಅಳಬೇಡಿ ಅಮ್ಮಾ, ನಾನು ಫೀಸು ತಗೊಳ್ಳಲ್ಲ.'