ವಿಡಿಯೊ ಇದ್ದರೆ ಸಸ್ಪೆಂಡ್, ಇಲ್ಲದಿದ್ದರೆ?

ಉಡುಪಿ, ಮಂಗಳೂರಿನ ಯಾವ ವಾಟ್ಸ್ಆ್ಯಪ್ ಗ್ರೂಪಿಗೆ ಹೋದರೂ ಈ ಜಗಳ ಇದ್ದೇ ಇದೆ. ಯಾರೋ ಒಂದು ವಿಡಿಯೊ ಹಾಕುತ್ತಾರೆ. ಪೊಲೀಸರು ಯಾರದೋ ಕಾಲರ್ ಹಿಡಿದಿರುತ್ತಾರೆ, ಇಲ್ಲವೇ ಯಾರೋ ಪೊಲೀಸರ ಮುಖಕ್ಕೆ ಮೊಬೈಲ್ ಹಿಡಿದು ಕಾನೂನು ಮಾತಾಡುತ್ತಿರುತ್ತಾರೆ. ಕೆಳಗೆ ಕಮೆಂಟು ಶುರು. 'ಇನ್ನೂ ನಾಲ್ಕು ಬಿಡ್ಬೇಕಿತ್ತು' ಎನ್ನುವವರು ಅರ್ಧ, 'ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ವಾ' ಎನ್ನುವವರು ಅರ್ಧ. ಆದರೆ ಕಮೆಂಟು ಹಾಕುವ ಮೊದಲು ಎರಡೂ ಕಡೆಯವರು ಒಂದೇ ಕೆಲಸ ಮಾಡುತ್ತಾರೆ: ಪೆಟ್ಟು ತಿಂದವನ ಹೆಸರು ಹುಡುಕುತ್ತಾರೆ. ಹೆಸರು ಸಿಕ್ಕಿದ ಮೇಲೆಯೇ ನಮ್ಮೂರಿನಲ್ಲಿ ನ್ಯಾಯ ಯಾವ ಕಡೆ ಎಂದು ಗೊತ್ತಾಗುವುದು.

ಪೊಲೀಸರು ಡ್ಯೂಟಿಯಲ್ಲಿದ್ದಾಗ ಜನ ವಿಡಿಯೊ ಮಾಡಬೇಕು ಎನ್ನುವ ಪೈಕಿ ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಾವು ಕಿತ್ತಾಡುತ್ತಿರುವುದೆಲ್ಲ ರಸ್ತೆಯ ವಿಡಿಯೊಗಳ ಬಗ್ಗೆ. ರಸ್ತೆಯಲ್ಲಿ ಈಗ ಹೇಗೂ ಹತ್ತು ಮೊಬೈಲ್ ಇರುತ್ತವೆ, ಅಂಗಡಿಗಳ ಸಿಸಿಟಿವಿ ಇರುತ್ತದೆ, ಕಾರುಗಳ ಡ್ಯಾಶ್‌ಕ್ಯಾಮ್ ಇರುತ್ತದೆ. ಠಾಣೆಯ ಗೇಟು ದಾಟಿದ ಮೇಲೆ ಯಾರ ಕ್ಯಾಮೆರಾ? ಆ ಮಾತು ಗ್ರೂಪಿನಲ್ಲಿ ಏಳುವುದೇ ಇಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ರಸ್ತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಡ್ಯೂಟಿ ಮಾಡುತ್ತಿರುವ ಪೊಲೀಸರ ವಿಡಿಯೊ ಮಾಡಬಾರದು ಎನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಕೆಲಸಕ್ಕೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಸೆಕ್ಷನ್ ಇದೆ, ಮೈಮೇಲೆ ಕೈ ಹಾಕಿದರೆ 132 ಇದೆ. ದೂರ ನಿಂತು ಮೊಬೈಲ್ ಹಿಡಿಯುವುದು ಇವೆರಡರಲ್ಲಿ ಯಾವುದೂ ಅಲ್ಲ. ಠಾಣೆಯೊಳಗೆ ರೆಕಾರ್ಡ್ ಮಾಡಿದರೆ 'ಅಧಿಕೃತ ರಹಸ್ಯ ಕಾಯಿದೆ' ಹಾಕುತ್ತೇವೆ ಎಂದು ಹೆದರಿಸುವುದುಂಟು. ಮಹಾರಾಷ್ಟ್ರದಲ್ಲಿ ಹಾಗೆ ಕೇಸು ಹಾಕಿಯೂ ಇದ್ದರು. ಪೊಲೀಸ್ ಠಾಣೆ ಆ ಕಾಯಿದೆ ಹೇಳುವ ನಿಷೇಧಿತ ಸ್ಥಳಗಳ ಪಟ್ಟಿಯಲ್ಲಿ ಬರುವುದೇ ಇಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿ, ಕೇಸು ರದ್ದು ಮಾಡಿತು. ಆ ಕಾಯಿದೆ ಇರುವುದು ಶತ್ರುದೇಶಕ್ಕೆ ಗುಟ್ಟು ಮಾರುವವರಿಗೆ, ದೂರು ಕೊಡಲು ಹೋದವರಿಗಲ್ಲ.

ಇನ್ನು ರಸ್ತೆಯ ಕಥೆ. ಮೊಬೈಲ್ ಹಿಡಿದವರೆಲ್ಲ ಸತ್ಯಹರಿಶ್ಚಂದ್ರರೇನಲ್ಲ. ಉಡುಪಿಯ ಕಲ್ಸಂಕ ಜಂಕ್ಷನ್ನಿನಲ್ಲಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡವರಿಗೆ ಅಲ್ಲಿನ ಅವಸ್ಥೆ ಗೊತ್ತು. ಒಂದು ಕಡೆಯಿಂದ ಮಠದ ದಾರಿಯ ವಾಹನ, ಇನ್ನೊಂದು ಕಡೆಯಿಂದ ಮಣಿಪಾಲದ ಬಸ್ಸು, ನಡುವೆ ವಿಸಿಲ್ ಹಿಡಿದು ಒಬ್ಬ ಕಾನ್‌ಸ್ಟೇಬಲ್. ಒಮ್ಮೆ ಅಲ್ಲಿ ಹೆಲ್ಮೆಟ್ ಇಲ್ಲದ ಹುಡುಗನನ್ನು ಆತ ನಿಲ್ಲಿಸಿದ. 'ಗಾಡಿ ಸೈಡಿಗ್ ಹಚ್ಚ್ರಿ' ಅಂದ, ಅಷ್ಟೇ. ಹುಡುಗ ಗಾಡಿಯಿಂದ ಇಳಿಯದೆ ಮೊಬೈಲ್ ತೆಗೆದು, 'ನಿಮ್ಮ ಹೆಸರು ಹೇಳಿ, ನೇಮ್‌ಪ್ಲೇಟ್ ತೋರಿಸಿ, ತುಳು ಬರ್ತದಾ ನಿಮಗೆ?' ಎಂದು ಶುರು ಮಾಡಿದ. ಹಿಂದೆ ಕೂತಿದ್ದವನಿಗೆ ನಗು. ಕಾನ್‌ಸ್ಟೇಬಲ್ ರೇನ್‌ಕೋಟಿನ ಗುಂಡಿ ಬಿಚ್ಚಿ ನೇಮ್‌ಪ್ಲೇಟ್ ತೋರಿಸಿದ, ರಶೀದಿ ಹರಿದ, ಮತ್ತೆ ವಿಸಿಲ್ ಬಾಯಿಗಿಟ್ಟುಕೊಂಡ. ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಆ ವಿಡಿಯೊ ಎಲ್ಲೂ ವೈರಲ್ ಆಗಿರಲಿಕ್ಕಿಲ್ಲ. ಅದರಲ್ಲಿ ತಪ್ಪಿದ್ದುದು ಹುಡುಗನದ್ದಲ್ವಾ!

ನಮ್ಮ ಎರಡೂ ಜಿಲ್ಲೆಗಳ ಠಾಣೆಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯ ಹುಡುಗರು ಎಷ್ಟೊಂದು ಮಂದಿ ಇದ್ದಾರೆ ನೋಡಿ. ನಮ್ಮ ಮನೆಯ ಹುಡುಗರು ಬ್ಯಾಂಕಿಗೆ, ಬೆಂಗಳೂರಿಗೆ, ದುಬೈಗೆ ಹೋಗುತ್ತಾರೆ, ಪೊಲೀಸ್ ಪರೀಕ್ಷೆಗೆ ಕೂರುವುದಿಲ್ಲ. ಗಣೇಶೋತ್ಸವದ ಮೆರವಣಿಗೆಗೂ ಹೊರಗಿನಿಂದ ಬಂದ ಇವರೇ, ಕೃಷ್ಣಮಠದ ಪರ್ಯಾಯೋತ್ಸವದ ಬಂದೋಬಸ್ತಿಗೂ ಇವರೇ, ಎಲ್ಲೋ ಚೂರಿ ಇರಿತವಾದರೆ ರಾತ್ರಿಯಿಡೀ ನಿಲ್ಲುವವರೂ ಇವರೇ. ಅವರ ಭಾಷೆಯನ್ನು ಅಣಕಿಸಿ ರೀಲ್ಸ್ ಮಾಡುವುದನ್ನು ಉತ್ತರದಾಯಿತ್ವ ಎಂದು ಕರೆಯಲು ನನ್ನಿಂದಾಗದು.

ಹಾಗಂತ ಮೊಬೈಲಿನಿಂದ ಏನೂ ಆಗಿಲ್ಲ ಎಂದಲ್ಲ. ನನಗೆ ಪರಿಚಯದ ಒಬ್ಬರು ಎಎಸ್‌ಐ ಆಗಿ ನಿವೃತ್ತರಾದವರು. ಈ ವಿಷಯ ಎತ್ತಿದ್ದಕ್ಕೆ ಅವರು ಹೇಳಿದ್ದು: 'ಎಂತ ಹೇಳುದು ಮಾರಾಯ್ರೆ, ಮೊದ್ಲು ಬೈದ್ರೆ ಬೈದು ಆಯ್ತು. ಈಗ ಬೈದ್ರೆ ಸ್ಟೇಟಸ್.' ನಕ್ಕರು. ಆಮೇಲೆ ಅವರೇ, 'ಒಳ್ಳೇದೇ ಆಯ್ತು. ನಮ್ಮಲ್ಲೂ ಕೆಲವರ ಕೈ ಸುಮ್ನೆ ಇರ್ತಿರ್ಲಿಲ್ಲ' ಅಂದರು. ಹಾಗಾದರೆ ಆ ಕೈಗಳು ಈಗ ಎಲ್ಲಿ ಸುಮ್ಮನಿರುವುದಿಲ್ಲ ಎಂದು ಕೇಳಿದೆ. ಅದಕ್ಕೆ ಅವರು ಚಾ ತರಿಸಿದರು.

ಉಡುಪಿ ಜಿಲ್ಲೆಯ ಕೋಟದ ಪ್ರಕರಣ ಮರೆತಿಲ್ಲ ತಾನೇ? 2021ರ ಡಿಸೆಂಬರ್ 27ರ ರಾತ್ರಿ, ಕೋಟತಟ್ಟು ಬಾರಿಕೆರೆಯಲ್ಲಿ ಕೊರಗ ಬುಡಕಟ್ಟಿನವರ ಕಾಲೊನಿ. ಮದುವೆ ಮನೆ, ಮೆಹೆಂದಿ ಕಾರ್ಯಕ್ರಮ. ಡಿಜೆ ಸದ್ದು ಜೋರಾಯಿತು ಎಂಬ ದೂರಿನ ಮೇಲೆ ಬಂದ ಪೊಲೀಸರು ಲಾಠಿ ಬೀಸಿದರು. ವಿಡಿಯೊ ಹೊರಬಂತು, ರಾಜ್ಯವೆಲ್ಲ ನೋಡಿತು. ಪಿಎಸ್‌ಐ ಸಸ್ಪೆಂಡ್ ಆದರು, ಕೆಲವು ಸಿಬ್ಬಂದಿಯ ವರ್ಗಾವಣೆಯಾಯಿತು, ಗೃಹ ಸಚಿವರು ಕಾಲೊನಿಗೇ ಬಂದರು. ವಿಡಿಯೊ ಇಲ್ಲದೆ ಇದರಲ್ಲಿ ಒಂದಾದರೂ ಆಗುತ್ತಿತ್ತೇ? ಮರುದಿನ ಪತ್ರಿಕೆಯ ಒಳಪುಟದಲ್ಲಿ 'ಪೊಲೀಸರ ಕರ್ತವ್ಯಕ್ಕೆ ಅಡ್ಡಿ' ಎಂದು ನಾಲ್ಕು ಸಾಲು ಬರುತ್ತಿತ್ತು, ಅಷ್ಟೇ. ಸುಮ್ಮನೆ ಹೇಳುತ್ತಿಲ್ಲ. ವಿಡಿಯೊ ಹೊರಬಂದ ಮೇಲೂ, ಪೆಟ್ಟು ತಿಂದ ಕೊರಗರ ಮೇಲೆಯೇ ಕಾನ್‌ಸ್ಟೇಬಲ್ ಒಬ್ಬರ ದೂರಿನಂತೆ ಕೇಸು ದಾಖಲಾಯಿತು. ಮತ್ತೆ ಗಲಾಟೆಯಾಗಿ ತನಿಖೆಯನ್ನು ಸಿಐಡಿಗೆ ಕೊಡಬೇಕಾಯಿತು. ಅದೇ ವಾರ ನಮ್ಮ ಸುತ್ತಮುತ್ತ ಎಷ್ಟು ಶ್ರೀಮಂತರ ಮನೆಯ ಮೆಹೆಂದಿಗಳಲ್ಲಿ ರಾತ್ರಿ ಹತ್ತರ ಮೇಲೆ ಡಿಜೆ ಬಡಿದಿತ್ತು ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿಗೆ ಲಾಠಿ ಹೋಗುವುದಿಲ್ಲ, ಫೋನ್ ಹೋಗುತ್ತದೆ.

ಪೊಲೀಸರು ಹೇಳಿದ್ದೇ ಸುದ್ದಿಯಾಗುವ ಮಾತು ಬಂತಲ್ಲ, 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿನ ಪೊಲೀಸರು ಮೊದಲು ಹೊರಡಿಸಿದ ಪ್ರಕಟಣೆಯ ಪ್ರಕಾರ ಆತನಿಗೆ ವೈದ್ಯಕೀಯ ತೊಂದರೆಯಾಗಿತ್ತು. ಕುತ್ತಿಗೆಯ ಮೇಲಿದ್ದ ಮೊಣಕಾಲಿನ ಸುದ್ದಿಯೇ ಅದರಲ್ಲಿರಲಿಲ್ಲ. ಅದನ್ನು ಜಗತ್ತಿಗೆ ತೋರಿಸಿದ್ದು 17 ವರ್ಷದ ಹುಡುಗಿಯ ಮೊಬೈಲ್.

ಆದರೆ ವಿಡಿಯೊ ಒಂದರಿಂದಲೇ ಸತ್ಯ ಗೊತ್ತಾಗುತ್ತದೆ ಎಂದುಕೊಂಡವರು ಮಂಗಳೂರಿನ 2019ರ ಡಿಸೆಂಬರ್ 19ನ್ನು ನೆನಪಿಸಿಕೊಳ್ಳಬೇಕು. ಪೌರತ್ವ ಕಾಯಿದೆ ವಿರೋಧಿ ಪ್ರತಿಭಟನೆ, ಗೋಲಿಬಾರ್, ಇಬ್ಬರ ಸಾವು. ಆಮೇಲೆ ನಡೆದದ್ದು ವಿಡಿಯೊಗಳ ಯುದ್ಧ. ಪ್ರತಿಭಟನಕಾರರು ಕಲ್ಲು ತಂದದ್ದನ್ನು, ಸಿಸಿಟಿವಿ ಕ್ಯಾಮೆರಾ ತಿರುಗಿಸಿದ್ದನ್ನು ತೋರಿಸುವ ತುಣುಕುಗಳನ್ನು ಪೊಲೀಸರು ಬಿಟ್ಟರು. ಪೊಲೀಸರು ಆಸ್ಪತ್ರೆಯೊಳಗೆ ನುಗ್ಗಿ ಬಾಗಿಲು ಒದೆಯುವುದು ಅದೇ ಆಸ್ಪತ್ರೆಯ ಸಿಸಿಟಿವಿಯಲ್ಲಿ ಸಿಕ್ಕಿತು. ಕುಮಾರಸ್ವಾಮಿಯವರು ಬೆಂಗಳೂರಿನಲ್ಲಿ ಬೇರೆಯದೇ ಸಿ.ಡಿ. ಬಿಡುಗಡೆ ಮಾಡಿದರು. ನನ್ನ ಸ್ನೇಹಿತರಲ್ಲಿ ಎರಡೂ ಕಡೆಯ ತುಣುಕುಗಳನ್ನು ಕೊನೆಯವರೆಗೆ ನೋಡಿದವರು ಬೆರಳೆಣಿಕೆ. ತಮಗೆ ಬೇಕಾದ್ದನ್ನು ಮಾತ್ರ ನೋಡಿ, ಬೇಡದ್ದನ್ನು 'ಎಡಿಟೆಡ್' ಎಂದು ತಳ್ಳಿಹಾಕಿದರು. ಹೀಗಾಗಿ ನನಗೆ ತುಣುಕಿನ ಮೇಲೆ ನಂಬಿಕೆ ಕಡಿಮೆ. ಹಿಂದೆಮುಂದೆ ಕತ್ತರಿಸದ, ಯಾರೂ ಅಳಿಸಲಾಗದ, ಕೋರ್ಟು ಕೇಳಿದರೆ ಕೊಡಲೇಬೇಕಾದ ದೃಶ್ಯ ಬೇಕು. ಅದು ಇರಬೇಕಾದ್ದು ಠಾಣೆಯಲ್ಲಿ.

ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲೂ ಕ್ಯಾಮೆರಾ ಇತ್ತು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟರು ಎಂದು ಅಪ್ಪ ಮಗನನ್ನು ಠಾಣೆಗೆ ಒಯ್ದು ರಾತ್ರಿಯಿಡೀ ಹೊಡೆದರು, ಇಬ್ಬರೂ ಸತ್ತರು. ಮ್ಯಾಜಿಸ್ಟ್ರೇಟ್ ಹೋಗಿ ನೋಡಿದರೆ, ಸಿಸಿಟಿವಿಯ ಹಾರ್ಡ್‌ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ದಿನದ ರೆಕಾರ್ಡಿಂಗ್ ದಿನವೇ ತಾನಾಗಿ ಅಳಿಸಿಹೋಗುವಂತೆ ಸೆಟ್ ಮಾಡಿಟ್ಟಿದ್ದರು. ಅಪ್ಪ ಮಗ ತಾವೇ ನೆಲದಲ್ಲಿ ಹೊರಳಾಡಿ ಗಾಯ ಮಾಡಿಕೊಂಡರು ಎಂದು ಎಫ್‌ಐಆರ್ ಹೇಳಿತ್ತು. ಅದು ಸುಳ್ಳೆಂದು ತೋರಿಸಿದ್ದು ಅಂಗಡಿಯ ಹತ್ತಿರದ ಖಾಸಗಿ ಸಿಸಿಟಿವಿ. ಠಾಣೆಯೊಳಗೆ ನಡೆದದ್ದು ಹೊರಬರಲು, ಅಲ್ಲೇ ಡ್ಯೂಟಿಯಲ್ಲಿದ್ದ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜೀವಭಯದಲ್ಲೇ ಸಾಕ್ಷಿ ಹೇಳಬೇಕಾಯಿತು. ಪೊಲೀಸರೆಲ್ಲ ಒಂದೇ ಎನ್ನುವವರು ಆ ಹೆಂಗಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದೇ ವರ್ಷ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ದೇಶದ ಪ್ರತಿ ಠಾಣೆಯ ಗೇಟು, ಲಾಕಪ್ಪು, ಕಾರಿಡಾರು, ರಿಸೆಪ್ಶನ್, ಇನ್‌ಸ್ಪೆಕ್ಟರ ಕೋಣೆ ಎಲ್ಲ ಕಡೆ ಕ್ಯಾಮೆರಾ ಇರಬೇಕು, ಕತ್ತಲಲ್ಲೂ ಕಾಣಬೇಕು, ಮಾತೂ ದಾಖಲಾಗಬೇಕು. ರೆಕಾರ್ಡಿಂಗ್ 18 ತಿಂಗಳು ಇರಬೇಕು, ಅಂಥ ಸಲಕರಣೆ ಸಿಗದಿದ್ದರೆ ಸಿಗುವುದರಲ್ಲಿ ಅತಿ ಹೆಚ್ಚು ಕಾಲ ಉಳಿಸುವಂಥದ್ದು, ಆದರೂ ಒಂದು ವರ್ಷಕ್ಕೆ ಕಡಿಮೆಯಿಲ್ಲ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಹೊಣೆ. ಇಷ್ಟೆಲ್ಲ ಬರೆದಿಟ್ಟ ಮೇಲೂ 2025ರಲ್ಲಿ ಅದೇ ಕೋರ್ಟು, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಎಂಬ ಪತ್ರಿಕಾ ವರದಿ ನೋಡಿ ಸ್ವಯಂಪ್ರೇರಿತವಾಗಿ ಕೇಸು ಕೈಗೆತ್ತಿಕೊಳ್ಳಬೇಕಾಯಿತು.

ದೂರದ್ದು ಬಿಡಿ. 2024ರ ನವೆಂಬರ್‌ನಲ್ಲಿ ನಮ್ಮ ಬ್ರಹ್ಮಾವರ ಠಾಣೆಯ ವಶದಲ್ಲಿದ್ದ ಕೇರಳದ ವ್ಯಕ್ತಿ ತೀರಿಕೊಂಡರು. ಏನಾಯಿತೆಂದು ತೀರ್ಪು ಕೊಡುವವನು ನಾನಲ್ಲ, ಅದಕ್ಕೆ ತನಿಖೆಯಿದೆ. ಆದರೆ ಆಗ ಕೋಟದಷ್ಟು ಕೂಗು ಏಳಲಿಲ್ಲ. ಅವರು ಊರಿನವರಲ್ಲ, ಕೂಲಿಗೆ ಬಂದವರು, ಫಾರ್ವರ್ಡ್ ಮಾಡಲಿಕ್ಕೆ ಒಂದು ಕ್ಲಿಪ್ಪೂ ಇಲ್ಲ. ಕ್ಲಿಪ್ಪಿಲ್ಲದ ಸಾವು ನಮ್ಮ ಗ್ರೂಪಿನಲ್ಲಿ ಒಂದು ಸಂಜೆಗೂ ಬಾಳಲಿಲ್ಲ.

ಹಳೆಯ ಸಿಆರ್‌ಪಿಸಿಯ ಜಾಗದಲ್ಲಿ ಹೊಸದಾಗಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಒಂದು ಒಳ್ಳೆಯ ಬೆಳವಣಿಗೆ. 2024ರ ಜುಲೈ 1ರಿಂದ, ಪೊಲೀಸರು ಮನೆ ಜಾಲಾಡಿದರೆ, ವಸ್ತು ಜಪ್ತಿ ಮಾಡಿದರೆ ಅದನ್ನು ಆಡಿಯೊ-ವಿಡಿಯೊ ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅಂದರೆ ರೆಕಾರ್ಡಿಂಗ್ ಪೊಲೀಸರ ವಿರುದ್ಧದ ಅಸ್ತ್ರವೇನಲ್ಲ ಎಂದು ಕಾನೂನೇ ಒಪ್ಪಿಕೊಂಡಿದೆ. ಪ್ರಾಮಾಣಿಕ ಪಿಎಸ್‌ಐಗೆ ಇದರಷ್ಟು ದೊಡ್ಡ ರಕ್ಷಣೆ ಬೇರೆ ಇಲ್ಲ. 'ಗಾಂಜಾ ಅವರೇ ತಂದಿಟ್ಟರು' ಎಂಬ ಮಾತು ಅಲ್ಲಿಗೇ ಮುಗಿಯುತ್ತದೆ.

ಎದೆಗೆ ಸಿಕ್ಕಿಸುವ ಬಾಡಿ ಕ್ಯಾಮೆರಾ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಸಣ್ಣ ಊರಿನಲ್ಲಿ 2012ರಲ್ಲಿ ಶುರುವಾದ ಪ್ರಯೋಗದಲ್ಲಿ ಪೊಲೀಸರ ಮೇಲಿನ ದೂರುಗಳು ಗಣನೀಯವಾಗಿ ಇಳಿದವು. ಎಲ್ಲರೂ ಕುಣಿದರು. ಆಮೇಲೆ ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಸೇರಿಸಿ ಅಧ್ಯಯನ ಮಾಡಿದರೆ, 2017ರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ನನ್ನ ಪ್ರಕಾರ ಇದರಲ್ಲಿ ಆಶ್ಚರ್ಯವಿಲ್ಲ. ಆ ದೃಶ್ಯವನ್ನು ಯಾರು ನೋಡುತ್ತಾರೆ, ಕೇಳಿದರೆ ಯಾರಿಗೆ ಕೊಡುತ್ತಾರೆ ಎಂಬುದು ಇತ್ಯರ್ಥವಾಗದಿದ್ದರೆ, ಎದೆಯ ಮೇಲೆ ಕ್ಯಾಮೆರಾ ಇದ್ದರೂ ಒಂದೇ, ಬ್ಯಾಡ್ಜ್ ಇದ್ದರೂ ಒಂದೇ.

ವಿಡಿಯೊ ಮಾಡುವವರಿಗೆ ಒಂದು ಮಾತು. ಮೂಲ ಫೈಲ್ ಮೊಬೈಲಿನಲ್ಲೇ ಇರಲಿ, ಅದಕ್ಕೆ ಹಾಡು ಸೇರಿಸಬೇಡಿ. ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿದ ಕ್ಲಿಪ್ಪನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸಿಕ್ಕಿಬಿದ್ದವರು ಹೆಂಗಸರೋ ಮಕ್ಕಳೋ ಆಗಿದ್ದರೆ ಅವರ ಮುಖವನ್ನು ಊರಿಗೆಲ್ಲ ತೋರಿಸುವ ಅಧಿಕಾರ ನಮಗಿಲ್ಲ. ವಕೀಲರಿಗೆ ಕೊಡಿ, ಎಸ್ಪಿ ಕಚೇರಿಗೆ ಕೊಡಿ, ರೀಲ್ಸ್ ಆಮೇಲೆ.

ಇತ್ತೀಚೆಗೆ ಪಕ್ಕದ ಮನೆಯವರ ಜೊತೆ ಒಂದು ಠಾಣೆಗೆ ಹೋಗಿದ್ದೆ, ಕಳೆದುಹೋದ ದಾಖಲೆಯ ದೂರು ಕೊಡಲಿಕ್ಕೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಮೊಬೈಲ್ ಹೊರಗೆ ಮೇಜಿನ ಮೇಲಿಟ್ಟು ಬನ್ನಿ ಎಂದರು. ಇಟ್ಟೆವು. ಸಭ್ಯವಾಗಿಯೇ ಮಾತಾಡಿಸಿದರು, ಕೂರಿಸಿದರು, ಕೆಲಸವೂ ಆಯಿತು. ಗೋಡೆಯ ಮೇಲೆ 'ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ' ಎಂಬ ಬೋರ್ಡು. ಕ್ಯಾಮೆರಾ ವರ್ಕ್ ಆಗ್ತದಾ ಸರ್ ಎಂದು ಕೇಳಿದೆ. ಠಾಣೆಯ ಬರವಣಿಗೆ ನೋಡುವ ರೈಟರ್ ತಲೆ ಎತ್ತದೆ, 'ಅದು ಸಾಹೇಬರಿಗೆ ಗೊತ್ತು' ಅಂದರು.

ಸಾಹೇಬರನ್ನೇ ಕೇಳೋಣ ಎಂದು ಆರ್‌ಟಿಐ ಅರ್ಜಿ ಬರೆದಿದ್ದೇನೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಹಾಗಾಗಿ ಇಷ್ಟೇ ಕೇಳಿದ್ದೇನೆ: ಠಾಣೆಯಲ್ಲಿ ಎಷ್ಟು ಕ್ಯಾಮೆರಾ ಇವೆ, ಇವತ್ತು ಎಷ್ಟು ನಡೆಯುತ್ತಿವೆ, ಧ್ವನಿ ದಾಖಲಾಗುತ್ತದೆಯೇ, ಎಷ್ಟು ತಿಂಗಳ ರೆಕಾರ್ಡಿಂಗ್ ಇದೆ, ಕೊನೆಯ ಬಾರಿ ಕೆಟ್ಟದ್ದು ಯಾವಾಗ. ನಿಮ್ಮ ಊರಿನ ಠಾಣೆಗೂ ಹಾಕುವುದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಅರ್ಜಿಯ ಪ್ರತಿ ಕಳಿಸುತ್ತೇನೆ. ಪಣಂಬೂರಿನವರು, ಉಳ್ಳಾಲದವರು, ಕಾಪುವಿನವರು, ಯಾವ ಪಕ್ಷದವರಾದರೂ ಅಡ್ಡಿಯಿಲ್ಲ. ಕಮೆಂಟಿನಲ್ಲಿ ಜಗಳ ಆಡುವವರು ಅರ್ಜಿ ಹಾಕಿದ ಮೇಲೆ ಆಡಿ.