ಈಗಷ್ಟೇ ಇತ್ತು ನೋಡಿ

ಕೋಪ ಇನ್ನೂ ಇಳಿದಿಲ್ಲ. ಟ್ಯೂಬ್ ರೈಲಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಕುಟ್ಟುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸರ್ಪೆಂಟೈನ್ ಅಂತ ಒಂದು ಲೇಕ್ ಇದೆ. 1730ರಲ್ಲಿ ಹಳ್ಳಕ್ಕೆ ಒಡ್ಡು ಹಾಕಿಸಿ ಮಾಡಿದ್ದು, ಅಂದರೆ ನಮ್ಮ ಲೆಕ್ಕದಲ್ಲಿ ಕೆರೆಯೇ. ಕೆಲಸಕ್ಕೆ ಹೋಗುವ ಮುಂಚೆ ಒಂದು ತಾಸು ಅಲ್ಲಿ ಹಕ್ಕಿ ನೋಡುವುದು ನನ್ನ ಹೊಸ ಚಟ. ನೋಡುವುದು ಅಂದರೆ, ನೋಡಲು ಹೋಗುವುದು.

ಯಾಕಂದರೆ ಅಲ್ಲಿ ಒಬ್ಬ ಅಜ್ಜ ಇದ್ದಾರೆ. ಹೆಸರು ಗೊತ್ತಿಲ್ಲ, ನಾನು ಇಟ್ಟಿರುವ ಹೆಸರು 'ಈಗಷ್ಟೇ ಅಜ್ಜ'. ಹಸಿರು ಕೋಟು, ಮೊಣಕಾಲ ಮೇಲೆ ಸಣ್ಣ ನೋಟ್‌ಬುಕ್ಕು. ನಾನು ಎಷ್ಟು ಬೇಗ ಹೋದರೂ ಬೆಂಚಿನ ಮೇಲೆ ಆಗಲೇ ಕೂತಿರುತ್ತಾರೆ. ನನ್ನನ್ನು ಕಂಡ ಕೂಡಲೇ ತುಂಬಾ ಮರುಕದಿಂದ, "ಅಯ್ಯೋ, ಈಗಷ್ಟೇ ಇತ್ತು ನೋಡಿ" ಅನ್ನುತ್ತಾರೆ. ಡಿಸೆಂಬರಿನಲ್ಲಿ ರೆಡ್‌ವಿಂಗ್ ಹೋಯಿತು. ಸ್ಕ್ಯಾಂಡಿನೇವಿಯಾದಿಂದ ಸಮುದ್ರ ದಾಟಿ ಬರುವ ಹಕ್ಕಿ, ನಾನು ರಸ್ತೆ ದಾಟುವಷ್ಟರಲ್ಲಿ ಹಾರಿತ್ತಂತೆ. ಜನವರಿಯಲ್ಲಿ ಶವಲರ್ ಬಾತುಗಳು. ಸಲಿಕೆಯಂಥ ಕೊಕ್ಕನ್ನು ನೀರಲ್ಲಿಟ್ಟುಕೊಂಡು, ಒಂದರ ಹಿಂದೆ ಒಂದು ಗುಂಡಗೆ ಸುತ್ತುತ್ತಾ ಮೇಯುತ್ತವೆ, ಮೂಗುತಿ ಬೀಳಿಸಿಕೊಂಡವರು ಹುಡುಕುವ ಹಾಗೆ. ಅದನ್ನೂ ಅಜ್ಜ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದರು. ನನಗೆ ತಪ್ಪದೆ ಸಿಗುವುದು ಗಿಳಿ ಮಾತ್ರ. ನಮ್ಮ ಕಡೆಯವೇ, ಕೊರಳಲ್ಲಿ ಪಟ್ಟಿ ಇರುವಂಥವು, ಲಂಡನ್ ತುಂಬಾ ಇವೆ. ಗಿಳಿ ನೋಡಲು ನಾನು ಇಲ್ಲಿಗೆ ಬರಬೇಕಿತ್ತಾ ಹೇಳಿ?

ಏಪ್ರಿಲ್ ಬಂತು. ಚಳಿಯ ಹಕ್ಕಿಗಳು ಊರಿಗೆ ಹೊರಟವು, ಹಂಸ ಗೂಡು ಕಟ್ಟಿತು. ಇದು ತಪ್ಪುವುದಿಲ್ಲ ಅಂದುಕೊಂಡೆ. ಐದಾರು ವಾರ ಕೂತಲ್ಲೇ ಕೂತು ಕಾವು ಕೊಡುವ ಹಕ್ಕಿ, ಎಲ್ಲಿ ಹೋದೀತು?

ಎಲ್ಲೂ ಹೋಗಲಿಲ್ಲ. ಅದೇ ತೊಂದರೆ. ಒಣಗಿದ ಜೊಂಡಿನ ರಾಶಿಯ ಮೇಲೆ ಬಿಳಿ ದಿಂಬು ಇಟ್ಟ ಹಾಗೆ ಕೂತಿರುತ್ತದೆ. ನೋಡಬೇಕಿರುವುದು ಮೊಟ್ಟೆಯನ್ನು. ಆಗೊಮ್ಮೆ ಈಗೊಮ್ಮೆ ಎದ್ದು ಹೊರಳಿಸುತ್ತದಲ್ಲ, ಆಗಷ್ಟೇ ಕಾಣುವುದು. ಹೋದ ವಾರ ನಲವತ್ತೈದು ನಿಮಿಷ ಕಣ್ಣು ಮಿಟುಕಿಸದೆ ಕಾದೆ. ಕೈಬೆರಳು ಸೆಟೆದುಕೊಂಡಿದ್ದವು. ಫ್ಲಾಸ್ಕಿನಿಂದ ಒಂದು ಗುಟುಕು ಚಹಾ ಬಗ್ಗಿಸಿಕೊಂಡೆ. ಬಿಸಿ ಹಬೆ ಕನ್ನಡಕಕ್ಕೆ ಕವಿಯಿತು. ಲೋಕವೆಲ್ಲ ಬೆಳ್ಳಗಾಯಿತು. ಪಕ್ಕದಿಂದ ಅಜ್ಜನ ದನಿ: "ಎದ್ದಿತು! ನೋಡಿ, ನೋಡಿ!" ಸ್ವೆಟರ್ ತುದಿಯಿಂದ ಒರೆಸಿದೆ, ಉಣ್ಣೆ ಎಳೆ ಅಂಟಿತು. ಮಫ್ಲರಿನಿಂದ ಒರೆಸಿದೆ, ಇನ್ನೂ ಮಬ್ಬಾಯಿತು. ಕನ್ನಡಕ ಕಿತ್ತು ಬೈನಾಕ್ಯುಲರ್ ಎತ್ತಿದೆ, ಬರೀ ಕತ್ತಲೆ. ಮುಚ್ಚಳ ತೆಗೆದಿರಲಿಲ್ಲ. ತೆಗೆದಾಗ ಬಿಳಿ ದಿಂಬು ವಾಪಸ್ ಕೂತಿತ್ತು. "ಏಳು ಮೊಟ್ಟೆ" ಅಂದರು ಅಜ್ಜ, ಮೆಲ್ಲಗೆ. "ಈಗಷ್ಟೇ..." ಗೊತ್ತು ಮಾರಾಯರೇ, ಗೊತ್ತು. ಇನ್ನೂ ಹತ್ತಿರ ಹೋಗೋಣವೆಂದರೆ ಗಂಡು ಹಂಸ ರೆಕ್ಕೆ ಗುಮ್ಮಟದ ಹಾಗೆ ಎತ್ತಿಕೊಂಡು ಬುಸುಗುಡುತ್ತಾ ಬಂತು. ಹತ್ತು ಹನ್ನೆರಡು ಕಿಲೋ ತೂಗುವ ಹಕ್ಕಿ. ಈ ದೇಶದಲ್ಲಿ ಗುರುತು ಹಾಕದ ಹಂಸಗಳ ಮೇಲೆ ರಾಜನಿಗೆ ಹಕ್ಕಿದೆ ಅಂತ ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ಹಂಗಾರ ಸರ್ಕಾರಿ ನೌಕರ ಅನ್ನು, ಸೊಕ್ಕು ಇರತೈತಿ" ಅಂದ.

ಅಪ್ಪ ಇರುವುದು ಲಕ್ಷ್ಮೇಶ್ವರದಲ್ಲಿ. ಮಾಗಡಿ ಕೆರೆ ಅಲ್ಲೇ ಹತ್ತಿರ. ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ, 2024ರಲ್ಲಿ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸಣ್ಣವಳಿದ್ದಾಗ ವರ್ಷವೂ ಕೇಳುತ್ತಿದ್ದೆ. "ಸುಗ್ಗಿ ಮುಗೀಲಿ ತಡಿ, ಹೋಗೂಣಂತ" ಅನ್ನುತ್ತಿದ್ದ. ಒಮ್ಮೆ ಜೋಳದ ರಾಶಿ ಮುಗಿಸಿ ಸೈಕಲ್ಲಿನ ಮುಂದಿನ ದಂಡಿಗೆ ಟವೆಲ್ ಸುತ್ತಿ ಕೂರಿಸಿಕೊಂಡು ಹೋದ. ಕೆರೆ ತುಂಬಾ ನೀರು, ನೀರ ಮೇಲೆ ಬಿಸಿಲು, ಬೇರೇನಿಲ್ಲ. ದನ ಮೇಯಿಸುವವನೊಬ್ಬ ಹೇಳಿದ, "ಈಗ ಹ್ವಾದ್ವು ನೋಡ್ರಿ, ಹ್ವಾದ ವಾರ ಬರಬೇಕಿತ್ತು." ಅಪ್ಪ ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಬರುವಾಗ ಮಿರ್ಚಿ ಕೊಡಿಸಿದ. ಈಗ ಅವನಿಗೆ ಮೊಣಕಾಲು ನೋವು, ನನಗೆ ಡಿಸೆಂಬರಿನಲ್ಲಿ ರಜೆ ಸಿಗುವುದಿಲ್ಲ.

ಇರಲಿ, ಇವತ್ತಿನದಕ್ಕೆ ಬರುತ್ತೇನೆ. ಚಹಾ ಒಯ್ಯಲಿಲ್ಲ. ಮುಚ್ಚಳ ಮನೆಯಲ್ಲೇ ಬಿಟ್ಟೆ. ಅಜ್ಜನಿಗೆ ಯಾರದೋ ಫೋನ್ ಬಂತು, ಕೆರೆಗೆ ಬೆನ್ನು ಹಾಕಿ ನಾಲ್ಕು ಹೆಜ್ಜೆ ಆಚೆ ಹೋದರು. ಆಗ ಎದ್ದಿತು ನೋಡಿ ಮಹಾರಾಣಿ! ಮಾಸಲು ಹಸಿರು ಮೊಟ್ಟೆಗಳು, ಒಂದೊಂದೂ ನನ್ನ ಅಂಗೈಯಷ್ಟು ಉದ್ದ. ಕೊಕ್ಕಿನಿಂದ ಒಂದನ್ನು ಹೊರಳಿಸಿತು, ಇನ್ನೊಂದನ್ನು ಒಳಗೆಳೆದುಕೊಂಡಿತು, ಎರಡೂ ಕಾಲು ಅತ್ತಿತ್ತ ಸರಿಸಿ ಜಾಗ ಮಾಡಿಕೊಂಡು ಮತ್ತೆ ಕೂತಿತು. ಎರಡು ಸಲ ಎಣಿಸಿದೆ.

ಅಜ್ಜ ವಾಪಸ್ ಬಂದರು. ನಾಲ್ಕು ತಿಂಗಳಿಂದ ಬಾಯಿಪಾಠವಾಗಿದ್ದ ಮಾತನ್ನು ಕೊನೆಗೂ ಹೇಳಿದೆ: "ಅಯ್ಯೋ, ಈಗಷ್ಟೇ ಎದ್ದಿತ್ತು ನೋಡಿ! ಆರು ಮೊಟ್ಟೆ!"

ಅಜ್ಜ ನೋಟ್‌ಬುಕ್ಕು ತೆರೆದು ನೋಡಿ ಹುಬ್ಬು ಗಂಟಿಕ್ಕಿದರು.

"ಆರೇ? ನೀವು ಬರುವ ಸ್ವಲ್ಪ ಮುಂಚೆ ಏಳಿದ್ದವಲ್ಲ."